ಬಾನೆಟ್ ತೆಗೆದರೆ ಬರೀ ಮುಚ್ಚಳ!

ಕಾರ ಹುಣ್ಣಿಮೆಗೆ ಅಂತ ತವರಿಗೆ ಹೋದಾಗ ಕಾರೇ ಕೈಕೊಟ್ಟರೆ ಹೇಗಿರುತ್ತೆ ಹೇಳಿ? ಕಳೆದ ವರ್ಷ ನನಗೆ ಹಾಗೇ ಆಯ್ತು.

ನನ್ನ ತವರು ಬೈಲಹೊಂಗಲ ತಾಲ್ಲೂಕಿನ ನೇಸರಗಿ. ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದರೆ ದಾರಿಯಲ್ಲೇ ಸಿಗುವ ಊರು. ಹಬ್ಬದ ದಿನ ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯೋದನ್ನು ನೋಡಿ, ಹೋಳಿಗೆ ಉಂಡು ಮಲಗಿದೆವು. ರಾತ್ರಿಯಿಡೀ ಮಳೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಬೆಳಗಾವಿಯ ಆಸ್ಪತ್ರೆಯಲ್ಲಿ ಅವ್ವನ ಕಣ್ಣಿನ ಪೊರೆಯ ಆಪರೇಷನ್. ಅವಳನ್ನು ಕರೆದುಕೊಂಡು ಹೋಗಲೆಂದೇ ನಾನು ಕಾರು ಒಯ್ದಿದ್ದೆ.

ಏಳು ಗಂಟೆಗೆ ಕೀ ತಿರುಗಿಸಿದೆ. ಕಾರು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಎದುರಿಗೆ ಎಂಜಿನ್ ಚಿತ್ರದ ಹಳದಿ ದೀಪ ಮಿಣುಕ್ ಮಿಣುಕ್!

ಅಪ್ಪ ಹಳೆಯ ಪಾನಾ ಪೆಟ್ಟಿಗೆ ಹಿಡಿದು ಬಂದೇ ಬಿಟ್ಟರು. ಅವರಿಗೀಗ ಎಪ್ಪತ್ತು ದಾಟಿದೆ. ಬಾನೆಟ್ ಎತ್ತಿದರು. ಒಳಗೆ ಏನಿತ್ತು? ದೊಡ್ಡದೊಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದನ್ನು ತೆಗೆದರೆ ಇನ್ನಷ್ಟು ಮುಚ್ಚಳ, ಸಾಕೆಟ್, ತಂತಿ. ಅಪ್ಪ ಪಾನಾ ಹಿಡಿದು ಸುಮ್ಮನೆ ನಿಂತರು. ಅವರ ಕೈ ಹಾಗೆ ಸುಮ್ಮನಿದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಬಾಯಿಂದ ಊದಿದರೆ ಸರಿಯಾಗುತ್ತಿದ್ದ ಕಾಲ

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದಿದ್ದರು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಅದು. ನಿಮ್ಮಲ್ಲಿ ಎಷ್ಟೋ ಜನ ಅದರಲ್ಲೇ ಮದುವೆಯಾಗಿ ಗಂಡನ ಮನೆ ಸೇರಿರಬಹುದು!

ಅದರ ರಿಪೇರಿ ಎಂದರೆ ನಮ್ಮ ಮನೆಯಲ್ಲಿ ಭಾನುವಾರದ ಕೆಲಸ. ಕಾರು ಎಳೆಯದಿದ್ದರೆ ಕಾರ್ಬ್ಯುರೇಟರ್ ಜೆಟ್ ಬಿಚ್ಚಿ ಬಾಯಿಂದ ಊದುವುದು. ಮಿಸ್ಸಿಂಗ್ ಹೊಡೆದರೆ ಪ್ಲಗ್ಗಿನ ತಂತಿ ಒಂದೊಂದಾಗಿ ಕಿತ್ತು ನೋಡುವುದು. ಯಾವುದನ್ನು ಕಿತ್ತಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ! ಆ ಪ್ಲಗ್ ತೆಗೆದು ಮರಳು ಕಾಗದದಿಂದ ತಿಕ್ಕುವುದು. ತಿಕ್ಕುವ ಕೆಲಸ ನನ್ನದು. ಹನ್ನೆರಡು ನಂಬರಿನ ಪಾನಾ ಯಾವುದು, ಹದಿನಾಲ್ಕರದ್ದು ಯಾವುದು ಅಂತ ಮಗ್ಗಿಗಿಂತ ಮೊದಲು ನನಗೆ ಗೊತ್ತಿತ್ತು.

ಈ ಸಲವೂ ಅಪ್ಪ ತಮಗೆ ಗೊತ್ತಿದ್ದ ಕಡೇ ಉಪಾಯ ಮಾಡಿದರು. ಬ್ಯಾಟರಿಯ ತಂತಿ ಬಿಚ್ಚಿ ಹತ್ತು ನಿಮಿಷ ಬಿಟ್ಟು ಜೋಡಿಸಿದರು. ದೀಪ ಆರಿತು. ನಮ್ಮೆಲ್ಲರ ಮುಖ ಅರಳಿತು. ಬಸ್‌ ಸ್ಟ್ಯಾಂಡ್ ದಾಟುವುದರೊಳಗೆ ಮತ್ತೆ ನಡುಕ, ಮತ್ತೆ ದೀಪ. ಕಾರಿನ ಗಡಿಯಾರ ಹನ್ನೆರಡಕ್ಕೆ ಬಂದು ಕೂತದ್ದೊಂದೇ ಲಾಭ.

ಅಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನನ್ನು ಕರೆದೆವು. ಕೆಟ್ಟ ಪಂಪ್‌ಸೆಟ್ ಅವನ ದನಿ ಕೇಳಿಯೇ ಶುರುವಾಗುತ್ತೆ ಅನ್ನುತ್ತಾರೆ. ಅವನೂ ಕೈ ಚೆಲ್ಲಿದ. "ಅಕ್ಕಾರ, ಇದು ಕಂಪ್ಯೂಟರ್ ಗಾಡಿ ಐತ್ರಿ. ಸ್ಕ್ಯಾನರ್ ಹಚ್ಚಲಾರದ ಏನೂ ಹೇಳಾಕ ಬರೂದಿಲ್ರಿ. ಆ ಸ್ಕ್ಯಾನರ್ ನಮ್ಮಂಥವರಿಗೆ ಯಾರು ಕೊಡತಾರ್ರಿ?"

ಕಾರು ಬೇರೊಂದು ಲಾರಿಯ ಬೆನ್ನೇರಿ ಬೆಳಗಾವಿಗೆ ಹೋಯ್ತು. ಅವ್ವನ ಆಪರೇಷನ್ ಮೂರು ವಾರ ಮುಂದೆ ಹೋಯ್ತು.

ಇಲಿಗೆ ಒಂದು ತಂತಿ, ನಮಗೆ 31 ಸಾವಿರ

ಸರ್ವೀಸ್ ಸೆಂಟರ್‌ನಲ್ಲಿ ಮೊದಲ ಪ್ರಶ್ನೆ ಏನು ಗೊತ್ತೇ? "ಸರ್ ಬಂದಿಲ್ವಾ ಮೇಡಂ?" ಕಾರು ನನ್ನ ಹೆಸರಲ್ಲಿದೆ, ಓಡಿಸುವವಳು ನಾನು ಎಂದೆ. ಒಂದು ತಾಸು ಬಿಟ್ಟು ಎಸ್ಟಿಮೇಟ್ ಬಂತು: 31 ಸಾವಿರ. ಎಂಜಿನ್‌ನ ವೈರಿಂಗ್ ಹಾರ್ನೆಸ್, ಅಂದರೆ ತಂತಿಗಳ ಇಡೀ ಜಡೆ, ಬದಲಾಯಿಸಬೇಕಂತೆ.

ಏನಾಗಿದೆ ತೋರಿಸಿ ಎಂದು ಪಟ್ಟು ಹಿಡಿದೆ. ತೋರಿಸಿದರು. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬಂದ ಇಲಿ ಒಂದು ತಂತಿ ಕಡಿದಿತ್ತು. ಒಂದೇ ಒಂದು! "ಇದನ್ನ ಜೋಡಿಸಿ ಟೇಪ್ ಸುತ್ತೋಕಾಗಲ್ವಾ?" "ಕಂಪನಿ ಪಾಲಿಸಿ ಇಲ್ಲ ಮೇಡಂ. ಹೊರಗಡೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ."

ಹಣ ಕೊಟ್ಟೆ. ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಆದರೆ ಹಳೆಯ ಜಡೆಯನ್ನು ಕೇಳಿ ಚೀಲದಲ್ಲಿ ಹಾಕಿಸಿಕೊಂಡು ಬಂದೆ.

ಕುಕ್ಕರಿನ ನ್ಯಾಯ ಕಾರಿಗೇಕಿಲ್ಲ?

ಹೊಸ ಕಾರುಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂತು. ಹೊಗೆ ಶುದ್ಧ ಆಗಬೇಕೆಂದರೆ ಎಷ್ಟು ಪೆಟ್ರೋಲ್, ಎಷ್ಟು ಗಾಳಿ, ಕಿಡಿ ಯಾವ ಗಳಿಗೆಯಲ್ಲಿ ಎನ್ನುವುದನ್ನೆಲ್ಲ ಸೆನ್ಸರ್‌ಗಳು ಅಳೆಯಬೇಕು, ಕಂಪ್ಯೂಟರ್ ಲೆಕ್ಕ ಹಾಕಬೇಕು. ಅದು ಬಾಯಿಂದ ಊದುವ ಕೆಲಸವಲ್ಲ. ನಮ್ಮ ಮಕ್ಕಳು ಶಾಲೆಗೆ ಹೋಗುವ ರಸ್ತೆಯ ಗಾಳಿ ಚೆನ್ನಾಗಿರಲಿ ಅಂತ ಯಾವ ತಾಯಿಗೆ ಆಸೆ ಇರಲ್ಲ? ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಜೀವ ಉಳಿಸುತ್ತವೆ, ನಿಜ.

ಆದರೆ ಜಟಿಲ ಆಗಿರೋದು ಬೇರೆ, ಮುಚ್ಚಿಡೋದು ಬೇರೆ ಅಲ್ವಾ?

ನಮ್ಮ ಪ್ರೆಷರ್ ಕುಕ್ಕರನ್ನೇ ನೋಡಿ. ಅದೇನು ಆಟದ ಸಾಮಾನಲ್ಲ, ತಪ್ಪಿದರೆ ಅಪಾಯ. ಆದರೂ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಸೀಟಿ ಎಲ್ಲ ಬೆಳಗಾವಿಯ ಖಡೇಬಜಾರಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಹೇಗೆ ಹಾಕಬೇಕೆಂದು ಪುಸ್ತಿಕೆಯಲ್ಲೇ ಚಿತ್ರ ಇರುತ್ತೆ. ಗ್ಯಾಸ್ಕೆಟ್ ಸಡಿಲಾಯಿತೆಂದು ಯಾರಾದರೂ ನಮಗೆ ಇಡೀ ಕುಕ್ಕರ್ ಬದಲಾಯಿಸಿ ಅಂದರೆ ಸುಮ್ಮನಿರುತ್ತೇವಾ? ಅಂಗಡಿಯವನ ಗ್ರಹಚಾರ ಬಿಡಿಸುತ್ತೇವೆ! ಕಾರಿನ ಮುಂದೆ ಮಾತ್ರ ತಲೆ ತಗ್ಗಿಸಿ ನಿಲ್ಲುತ್ತೇವೆ. 'ನಮಗೇನು ತಿಳಿಯುತ್ತೆ' ಅನ್ನೋ ಸಂಕೋಚ. ಅಸಲಿಗೆ ತಿಳಿಯದೇ ಇರೋದು ನಮ್ಮ ದಡ್ಡತನವಲ್ಲ, ತಿಳಿಯಲು ಬಿಟ್ಟಿಲ್ಲ ಅಷ್ಟೆ. ಜೀವನವೆಲ್ಲ ಎಂಜಿನ್ ಬಿಚ್ಚಿದ ನನ್ನ ಅಪ್ಪನಿಗೂ ತಿಳಿಯಲಿಲ್ಲವಲ್ಲ!

ಇದು ನನ್ನೊಬ್ಬಳ ಗೊಣಗಾಟವೂ ಅಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಾರಣ ಇದೇ: ಅಸಲಿ ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎನ್ನುವ ಸಾರಾಸಗಟು ಷರತ್ತು ಹಾಕಬಾರದು, ಆ ರಿಪೇರಿಯಿಂದಲೇ ಹಾನಿಯಾಗಿದ್ದರೆ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಆಯೋಗ ಹೇಳಿತ್ತು. ಕಂಪನಿಗಳು ಮೇಲ್ಮನವಿ ಹೋದವು. ದಂಡದ ಗತಿ ಏನೇ ಇರಲಿ, ನಮ್ಮ ದೂರಿನಲ್ಲಿ ಹುರುಳಿದೆ ಅಂತ ಅವತ್ತೇ ಬರೆದಿಟ್ಟಂತಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಕಾರು ರಿಪೇರಿಯ ಹಕ್ಕಿಗಾಗಿ ಮತ ಹಾಕಿ ಗೆದ್ದರು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿ ಹಕ್ಕು' ಕುರಿತು ಸಮಿತಿ ಮಾಡಿತು. ವಾಹನ, ಮೊಬೈಲ್, ಮನೆಬಳಕೆಯ ವಸ್ತು, ಕೃಷಿ ಉಪಕರಣ ಈ ನಾಲ್ಕನ್ನು ಆರಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನ ಇದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಜಾಲತಾಣ ಮಾಹಿತಿ ಕೊಡುತ್ತದೆ, ಕಾನೂನಿನ ಬಲ ಕೊಡುವುದಿಲ್ಲ. ನೇಸರಗಿಯ ಆ ಹುಡುಗನ ಕೈಗೆ ಸ್ಕ್ಯಾನರ್, ಮಾಹಿತಿ, ಅಸಲಿ ತಂತಿ ಮೂರೂ ಸಿಗುವಂತಾದಾಗ ಮಾತ್ರ ಅದು ಹಕ್ಕು.

ನಾವೇನು ಮಾಡಬಹುದು?

* ದೀಪದ ಭಾಷೆ ಕಲಿಯಿರಿ. ಕಾರಿನ ಪುಸ್ತಿಕೆಯಲ್ಲಿ ದೀಪಗಳ ಪುಟ ಇರುತ್ತೆ. ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ. ಮಿಣುಕುತ್ತಿದ್ದರೆ ಓಡಿಸಬೇಡಿ, ಸುಡದ ಪೆಟ್ರೋಲು ಹೊಗೆ ಶುದ್ಧ ಮಾಡುವ ದುಬಾರಿ ಭಾಗವನ್ನು ಹಾಳು ಮಾಡಬಹುದು. ಆಯಿಲ್ ಅಥವಾ ಬಿಸಿಯ ಕೆಂಪು ದೀಪ ಬಂದರೆ ಪಕ್ಕಕ್ಕೆ ಹಾಕಿ ತಕ್ಷಣ ಎಂಜಿನ್ ಆರಿಸಿ.

* ಕೋಡ್ ಕೇಳಿ. ಈಗಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್‌ಗಳ ಒಂದು ಸಾಕೆಟ್ ಇರುತ್ತೆ. ಸ್ಕ್ಯಾನರ್ ಹಚ್ಚಿದರೆ ದೋಷದ ನಂಬರ್ ಬರುತ್ತೆ. ಪಿ-0301 ಎಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಹೀಗೆ. ಆ ನಂಬರನ್ನು ಬರೆದು ಕೊಡಿ ಅನ್ನಿ. ಮೊಬೈಲ್‌ಗೆ ಜೋಡಿಸುವ ಚಿಕ್ಕ ಸ್ಕ್ಯಾನರ್‌ಗಳೂ ಮಾರುಕಟ್ಟೆಯಲ್ಲಿವೆ. ಅವು ಎಲ್ಲವನ್ನೂ ಹೇಳಲಾರವು, ಆದರೆ ಕತ್ತಲಲ್ಲಿ ಒಂದು ದೀಪ. ಕೋಡ್ ಓದಿಸುವ ಮೊದಲು ಬ್ಯಾಟರಿ ಬಿಚ್ಚಬೇಡಿ, ಕೋಡ್ ಅಳಿಸಿ ಹೋಗುತ್ತೆ.

* ಬರೆದದ್ದನ್ನೇ ನಂಬಿ. ಕೆಲಸ ಶುರುವಾಗುವ ಮೊದಲು ಎಸ್ಟಿಮೇಟ್ ಕಾಗದದ ಮೇಲೆ ಬರಲಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾರಂಟಿ ಹೋಗುತ್ತೆ ಎಂದರೆ ಯಾವ ನಿಯಮ ಅಂತ ಬರೆದು ಕೊಡಲು ಹೇಳಿ.

* ಇವು ನಿಮ್ಮ ಕೈಯಲ್ಲೇ ಇವೆ. ಟೈರ್ ಗಾಳಿ, ಎಂಜಿನ್ ಆಯಿಲ್ ಮಟ್ಟ, ವೈಪರ್ ರಬ್ಬರ್, ಏರ್ ಫಿಲ್ಟರ್. ಎ.ಸಿ. ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಖಾನೆಯ ಹಿಂದೆಯೇ ಇರುತ್ತೆ. ಫ್ಯೂಸ್ ಹೋದರೆ ಅಷ್ಟೇ ಆಂಪಿಯರ್‌ನದ್ದೇ ಹಾಕಿ, ಹೆಚ್ಚಿನದ್ದು ಬೇಡ. ಬಿಸಿ ಎಂಜಿನ್ನಿನ ಕೂಲೆಂಟ್ ಮುಚ್ಚಳ ಎಂದೂ ತೆಗೆಯಬೇಡಿ.

* ಇವನ್ನು ಮುಟ್ಟಬೇಡಿ. ಏರ್‌ಬ್ಯಾಗ್, ಬ್ರೇಕ್ ವ್ಯವಸ್ಥೆ, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ದಪ್ಪ ತಂತಿಗಳು. ಅದು ಹೈ ವೋಲ್ಟೇಜ್.

* ಇಲಿರಾಯನ ಮೇಲೆ ಕಣ್ಣಿಡಿ. ಮಳೆಗಾಲದಲ್ಲಿ ಕಾಳಿನ ಚೀಲ, ಕಸದ ಬುಟ್ಟಿಯ ಪಕ್ಕ ಕಾರು ನಿಲ್ಲಿಸಬೇಡಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

* ಅನ್ಯಾಯ ಅನ್ನಿಸಿದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸುಮ್ಮನೆ ಬಿಲ್ ಕಟ್ಟಿ ಬಂದು ನನ್ನ ಹಾಗೆ ಮನೆಯಲ್ಲಿ ಗೊಣಗುವುದಕ್ಕಿಂತ ವಾಸಿ!

ಅವ್ವನ ಆಪರೇಷನ್ ಕೊನೆಗೂ ಆಯ್ತು, ಕಣ್ಣು ಚೆನ್ನಾಗಿದೆ. ಅವಳನ್ನು ನೇಸರಗಿಗೆ ಬಿಡಲು ಹೋದಾಗ ಆ ಹಳೆಯ ಜಡೆಯನ್ನು ಅಪ್ಪನ ಮುಂದಿಟ್ಟೆ. ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ ಅಪ್ಪ ಇಲಿ ಕಡಿದ ಜಾಗ ಹುಡುಕಿದರು. ಎರಡೂ ತುದಿ ಕೆರೆದು, ಹೊಸೆದು, ಕಪ್ಪು ಟೇಪ್ ಸುತ್ತಿದರು. ಐದು ನಿಮಿಷ ಹಿಡಿಯಿತೋ ಇಲ್ಲವೋ.

"ಇಷ್ಟೇ ಏನವ್ವಾ?" ಅಂದರು.

ಇಷ್ಟೇ ಅಪ್ಪ. ಯಾರಾದರೂ ನಿಮಗೆ ಅದನ್ನು ತೋರಿಸಿದ್ದರೆ ಸಾಕಿತ್ತು.