ಖಂಡನೆಯ ಪತ್ರಕ್ಕಿಂತ ವಕೀಲರ ಫೀಸು ಮೇಲು

2021ರ ಮಾರ್ಚ್ 16ರಂದು ಅಮೆರಿಕದ ಅಟ್ಲಾಂಟಾ ಮತ್ತು ಅದರ ಆಸುಪಾಸಿನ ಮೂರು ಸ್ಪಾಗಳಲ್ಲಿ ಬಂದೂಕುಧಾರಿಯೊಬ್ಬ ಎಂಟು ಮಂದಿಯನ್ನು ಕೊಂದ. ಸತ್ತವರಲ್ಲಿ ಆರು ಮಂದಿ ಏಷ್ಯಾ ಮೂಲದ ಮಹಿಳೆಯರು. ಕೊರೊನಾ ಕಾಲಿಟ್ಟಂದಿನಿಂದ ಬೀದಿಯಲ್ಲಿ ಬೈಗುಳ, ಉಗುಳು, ಹೊಡೆತ ತಿನ್ನುತ್ತ ಬಂದಿದ್ದ ಸಮುದಾಯ ಅದು. ಹತ್ಯೆಯ ಬೆನ್ನಿಗೇ ಅಲ್ಲಿನ ವಿಶ್ವವಿದ್ಯಾಲಯಗಳು ಒಂದರ ಹಿಂದೊಂದು ಖಂಡನೆಯ ಪತ್ರ ಹೊರಡಿಸಿದವು. ಬರೆದದ್ದು ತಪ್ಪಲ್ಲ, ಸುಮ್ಮನಿರುವುದಕ್ಕಿಂತ ವಾಸಿ. ಆದರೆ ಪತ್ರಕ್ಕೆ ಖರ್ಚಿಲ್ಲ. ಸಂಸ್ಥೆಯೊಂದು ತನ್ನವರ ಬೆನ್ನಿಗಿದೆಯೇ ಎಂಬುದು ಗೊತ್ತಾಗುವುದು ಹಣ, ಹುದ್ದೆ, ಹೆಸರು ಪಣಕ್ಕೆ ಬಿದ್ದಾಗ. ಉದಾರ ಮನಸ್ಸಿಗೆ ಹೆಸರಾದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೇ ನೋಡಿ. ಕೊರೊನಾ ಆತಂಕದಲ್ಲಿ ಸಹಜವಾದ ಭಾವನೆಗಳೆಂದು ಅದರ ಆರೋಗ್ಯ ಕೇಂದ್ರ 2020ರ ಜನವರಿಯಲ್ಲಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಪಟ್ಟಿಯಲ್ಲಿ ಏಷ್ಯಾದವರ ಬಗೆಗಿನ ಭಯವೂ ಸೇರಿತ್ತು. ಟೀಕೆ ಬಂದ ಮೇಲೆ ಕ್ಷಮೆ ಕೇಳಿ ತೆಗೆದುಹಾಕಿದರು.

ಬೆಂಬಲದ ನಿಜವಾದ ಪರೀಕ್ಷೆ ನಡೆದದ್ದು ಇಬ್ಬರು ಪ್ರಾಧ್ಯಾಪಕರ ಪ್ರಕರಣದಲ್ಲಿ. ಚೀನಾಕ್ಕೆ ರಹಸ್ಯ ಸೋರುವುದನ್ನು ತಡೆಯಲೆಂದು ಅಮೆರಿಕ ಸರ್ಕಾರ 2018ರಲ್ಲಿ ‘ಚೈನಾ ಇನಿಷಿಯೇಟಿವ್’ ಆರಂಭಿಸಿತ್ತು. ಅದರ ಬಲೆಗೆ ಬಿದ್ದವರಲ್ಲಿ ಚೀನಾ ಮೂಲದ ವಿಜ್ಞಾನಿಗಳೇ ಹೆಚ್ಚು. 2021ರ ಜನವರಿಯಲ್ಲಿ ಎಂಐಟಿಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಗಾಂಗ್ ಚೆನ್ ಅವರನ್ನು ಬಂಧಿಸಿದಾಗ ಎಂಐಟಿ ಅವರ ವಕೀಲರ ಫೀಸನ್ನು ತಾನೇ ಭರಿಸಿತು. ಆರೋಪದಲ್ಲಿ ಹೇಳಲಾದ ಚೀನಾದ ಹಣ ವ್ಯಕ್ತಿಗಲ್ಲ, ಸಂಸ್ಥೆಗೆ ಬಂದದ್ದು ಎಂದು ಅದರ ಅಧ್ಯಕ್ಷರು ಬಹಿರಂಗವಾಗಿ ಹೇಳಿದರು. ನೂರಕ್ಕೂ ಹೆಚ್ಚು ಸಹೋದ್ಯೋಗಿಗಳು ಅವರ ಪರ ಸಹಿ ಹಾಕಿದರು. ವರ್ಷದ ನಂತರ ಸರ್ಕಾರವೇ ಆರೋಪ ಕೈಬಿಟ್ಟಿತು. ಟೆನೆಸ್ಸಿ ವಿಶ್ವವಿದ್ಯಾಲಯದ ಆನ್‌ಮಿಂಗ್ ಹು ಅವರಿಗೆ ಈ ಭಾಗ್ಯವಿರಲಿಲ್ಲ. 2020ರಲ್ಲಿ ಬಂಧನವಾದಾಗ ಸಂಸ್ಥೆ ಅವರನ್ನು ಮೊದಲು ಅಮಾನತು ಮಾಡಿತು, ಆಮೇಲೆ ಕೆಲಸದಿಂದಲೇ ತೆಗೆಯಿತು. 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ ನಂತರವಷ್ಟೇ ಮರಳಿ ಬರುವಂತೆ ಕರೆ ಹೋಯಿತು. ಇಬ್ಬರೂ ನಿರಪರಾಧಿಗಳೆಂದೇ ಹೊರಬಂದರು. ನಡುವಿನ ದಿನಗಳನ್ನು ಒಬ್ಬರು ಸಂಸ್ಥೆಯ ನೆರಳಿನಲ್ಲಿ ಕಳೆದರು, ಇನ್ನೊಬ್ಬರು ಕೆಲಸವೂ ಇಲ್ಲದೆ ಕಳೆದರು. ಬೀದಿಯ ಬೈಗುಳಕ್ಕೂ ಈ ಮೊಕದ್ದಮೆಗಳಿಗೂ ಏನು ಸಂಬಂಧ ಎನ್ನಬಹುದು. ಎರಡರ ಬುಡದಲ್ಲಿರುವುದು ಒಂದೇ ಅನುಮಾನ: ಈ ಮುಖದವನು ಎಷ್ಟು ವರ್ಷ ಇಲ್ಲಿದ್ದರೂ ಹೊರಗಿನವನೇ.

ಹಿಂಸೆ ತಡೆಯುವುದು ಪೊಲೀಸರ ಕೆಲಸ, ವಿಶ್ವವಿದ್ಯಾಲಯದ್ದಲ್ಲ ಎಂಬ ವಾದವಿದೆ. ಆದರೆ ಪೊಲೀಸರ ಕಣ್ಣಿಗೆ ಬೀಳುವುದೇ ಸ್ವಲ್ಪ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ಏಷ್ಯನ್ ಅಮೆರಿಕನ್ ಅಧ್ಯಯನ ವಿಭಾಗ ಎರಡು ಸಂಘಟನೆಗಳ ಜೊತೆ ಸೇರಿ 2020ರ ಮಾರ್ಚ್‌ನಲ್ಲಿ ಏಷ್ಯಾ ಮೂಲದವರ ವಿರುದ್ಧದ ದ್ವೇಷದ ಘಟನೆಗಳನ್ನು ದಾಖಲಿಸುವ ‘ಸ್ಟಾಪ್ ಎಎಪಿಐ ಹೇಟ್’ ಆರಂಭಿಸಿತು. ಒಂದು ವರ್ಷದೊಳಗೆ 3,795 ದೂರುಗಳು ಬಂದವು. ಮೂರರಲ್ಲಿ ಎರಡು ಭಾಗ ಬರೀ ಮಾತಿನ ದಾಳಿ, ಅಂದರೆ ಬಹುತೇಕ ಯಾವ ಠಾಣೆಯ ದಾಖಲೆಗೂ ಹೋಗದ್ದು. ಜನರೇ ಬರೆದು ಕಳಿಸಿದ ಈ ಲೆಕ್ಕದಿಂದ ದ್ವೇಷದ ಒಟ್ಟು ಪ್ರಮಾಣ ಅಳೆಯಲಾಗದು, ನಿಜ. ಆದರೆ ಏನು ನಡೆಯುತ್ತಿದೆ ಎಂಬುದನ್ನು ದೇಶದ ಮುಂದೆ ಇಟ್ಟದ್ದು ಇದೇ. ಆ ವಿಭಾಗವೂ ತಾನಾಗಿ ಹುಟ್ಟಿದ್ದಲ್ಲ, 1968-69ರಲ್ಲಿ ವಿದ್ಯಾರ್ಥಿಗಳು ಸುಮಾರು ಐದು ತಿಂಗಳು ಮುಷ್ಕರ ಹೂಡಿ ಪಡೆದದ್ದು. ಅರ್ಧ ಶತಮಾನದ ನಂತರ ಅದು ನೆರವಿಗೆ ಬಂತು.

ಏಷ್ಯಾದವರು ಓದಿದವರು, ಅನುಕೂಲಸ್ಥರು, ಅವರಿಗೇಕೆ ಬೆಂಬಲ ಎನ್ನುವವರೂ ಇದ್ದಾರೆ. ಕಾಂಬೋಡಿಯಾದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳೂ ಬೆಂಗಳೂರಿನಿಂದ ಎಂ.ಎಸ್. ಓದಲು ಹೋದವರೂ ಅಲ್ಲಿ ಒಂದೇ ಹೆಸರಿನಡಿ ಬರುತ್ತಾರೆ. ಎಲ್ಲರನ್ನೂ ಅನುಕೂಲಸ್ಥರೆಂದು ಕರೆದರೆ ಯಾರ ಕಷ್ಟವೂ ಕಾಣುವುದಿಲ್ಲ. ಎಂಐಟಿಯ ಕುರ್ಚಿ ಕೂಡ ಚೆನ್ ಅವರನ್ನು ಬಂಧನದಿಂದ ಕಾಪಾಡಲಿಲ್ಲವಲ್ಲ! ಇನ್ನು ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬ ಆಕ್ಷೇಪ. ವಿದ್ಯಾರ್ಥಿಯ ಬಾಯಿ ಕಟ್ಟಿ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಅಧಿಕಾರದಲ್ಲಿರುವವರ ಹೊಣೆ. 2022ರ ಡಿಸೆಂಬರ್‌ನಲ್ಲಿ ಪರ್ಡ್ಯೂ ನಾರ್ತ್‌ವೆಸ್ಟ್ ವಿಶ್ವವಿದ್ಯಾಲಯದ ಮುಖ್ಯಸ್ಥರೇ ಘಟಿಕೋತ್ಸವದ ವೇದಿಕೆಯಲ್ಲಿ ಏಷ್ಯಾದ ಭಾಷೆಯೆಂದು ಏನೇನೋ ಸದ್ದು ಮಾಡಿ ಅಣಕಿಸಿದರು. ಅಧ್ಯಾಪಕರು ಅವಿಶ್ವಾಸ ಸೂಚಿಸಿ ಮತ ಹಾಕಿದರು. ಆಡಳಿತ ಮಂಡಳಿ ಛೀಮಾರಿ ಹಾಕಿ, ಹುದ್ದೆಯಲ್ಲೇ ಉಳಿಸಿಕೊಂಡಿತು. ಇಂಥ ಸಂಸ್ಥೆ ಹತ್ತು ಖಂಡನಾ ಪತ್ರ ಬರೆದರೂ ಯಾರು ನಂಬುತ್ತಾರೆ?

ಮಕ್ಕಳನ್ನು ಅಮೆರಿಕಕ್ಕೆ ಕಳಿಸುವ ನಮ್ಮ ತಂದೆತಾಯಿಗಳು ರ‍್ಯಾಂಕಿಂಗ್, ಶುಲ್ಕ, ವೀಸಾ ವಿಚಾರಿಸುತ್ತಾರೆ. ಜನಾಂಗೀಯ ನಿಂದನೆಯ ದೂರನ್ನು ಯಾರು ದಾಖಲಿಸಿಕೊಳ್ಳುತ್ತಾರೆ, ಕೇಸು ಬಿದ್ದರೆ ವಕೀಲರನ್ನು ಯಾರು ಕೊಡುತ್ತಾರೆ ಎಂದೂ ವಿಚಾರಿಸಲಿ. ಇದೇ ಪ್ರಶ್ನೆಯನ್ನು ಬೆಂಗಳೂರಿನ ಕಾಲೇಜುಗಳಿಗೂ ಕೇಳಬೇಕು. ಈಶಾನ್ಯ ರಾಜ್ಯಗಳವರನ್ನು ಕೊರೊನಾ ಎಂದು ಹಂಗಿಸುವುದನ್ನು ತಡೆಯಿರಿ ಎಂದು 2020ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಗಿ ಬಂದಿತ್ತು.