ಅರ್ಜಿ ಕೊಟ್ಟ ದಿನದಿಂದ ಲೆಕ್ಕ

ಮನೆ ಕಟ್ಟಿ ಮುಗಿಯಿತು, ಗೃಹಪ್ರವೇಶವೂ ಆಯಿತು. ಕರೆಂಟು ಮಾತ್ರ ಬಂದಿಲ್ಲ. ಪಕ್ಕದ ಮನೆಯಿಂದ ಎಳೆದ ವೈರಿನ ಒಂದೇ ದೀಪದ ಕೆಳಗೆ ಎಸ್ಸೆಸ್ಸೆಲ್ಸಿ ಹುಡುಗಿ ಓದುತ್ತಾಳೆ. 'ಕೆ.ಇ.ಬಿ.ಯವರು ಯಾವಾಗ ಕೊಡುತ್ತಾರೋ' ಎಂದು ಹಿರಿಯರು ಕೈಚೆಲ್ಲುತ್ತಾರೆ. ಕೆ.ಇ.ಬಿ. ಹೋಗಿ, 2002ರಲ್ಲಿ ಬೆಸ್ಕಾಂ, ಹೆಸ್ಕಾಂ ಮುಂತಾದ ಕಂಪನಿಗಳು ಬಂದವು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಸಂಪರ್ಕ ಕೊಡುವುದು ಅವರ ಕೃಪೆ ಎಂಬ ಭಾವನೆಯೂ ಹಾಗೆಯೇ ಉಳಿದಿದೆ.

ಕಾನೂನು ಹೇಳುವುದು ಬೇರೆ. ವಿದ್ಯುಚ್ಛಕ್ತಿ ಕಾಯಿದೆ, 2003ರ 43ನೇ ಕಲಮಿನ ಪ್ರಕಾರ ಮನೆಯ ಮಾಲೀಕರಾಗಲಿ, ಅದರಲ್ಲಿ ವಾಸವಾಗಿರುವವರಾಗಲಿ ಅರ್ಜಿ ಕೊಟ್ಟರೆ ಒಂದು ತಿಂಗಳೊಳಗೆ ವಿದ್ಯುತ್ ಕೊಡುವುದು ಕಂಪನಿಯ ಕರ್ತವ್ಯ. ತಪ್ಪಿದರೆ ದಿನಕ್ಕೆ 1000 ರೂಪಾಯಿವರೆಗೆ ದಂಡ. ('ವರೆಗೆ' ಎಂಬ ಪದವನ್ನು ಗಮನಿಸಬೇಕು, ಕಡಿಮೆಯೂ ಆಗಬಹುದು.) ಸಕ್ಕರೆ ಒಂದು ಅಂಗಡಿಯಲ್ಲಿ ಸಿಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಮನೆಯ ಕರೆಂಟಿಗೆ ಊರಲ್ಲಿ ಇರುವುದು ಒಂದೇ ಅಂಗಡಿ. ಆದ್ದರಿಂದಲೇ ಅದರ ಮೇಲೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಣ್ಣು ಬೇಕು. ಗ್ರಾಹಕರ ಹಕ್ಕುಗಳ ಬಗ್ಗೆ ಕೇಂದ್ರವು 2020ರಲ್ಲಿ ಮಾಡಿದ ನಿಯಮಗಳಿಗೆ 2024ರಲ್ಲಿ ತಿದ್ದುಪಡಿಯಾಗಿ ಅವಧಿ ಇನ್ನೂ ಕಿರಿದಾಯಿತು: ಮಹಾನಗರಗಳಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7, ಹಳ್ಳಿಗಳಲ್ಲಿ 15, ಗುಡ್ಡಗಾಡಿನ ಹಳ್ಳಿಗಳಲ್ಲಿ 30. ರಾಜ್ಯದ ಆಯೋಗ ಇದಕ್ಕಿಂತ ಹೆಚ್ಚಿನ ಅವಧಿ ಗೊತ್ತುಮಾಡುವಂತಿಲ್ಲ.

ಅರ್ಜಿ ಬಂದ ಕೂಡಲೇ ತಂತಿ ಜೋಡಿಸಿ ಹೋಗಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಬೀದಿಯ ಕೊನೆಯಲ್ಲಿ 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಇದೆ ಎನ್ನೋಣ. ಹತ್ತು ಮನೆಗಳ 2 ಕಿಲೋವ್ಯಾಟ್ ಗೀಸರುಗಳು ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಹೊತ್ತಿದರೆ ಅವೇ 20 ಕಿಲೋವ್ಯಾಟ್ ಆದವು. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸುರುಳಿ ಸುಡುವುದು ಹೀಗೆ. ಇನ್ನೊಂದು ಲೆಕ್ಕ: 230 ವೋಲ್ಟ್ ಬರಬೇಕಾದ ಕಡೆಯ ಮನೆಗೆ 184 ವೋಲ್ಟ್ ಬಂದರೆ ಕೊರತೆ ಶೇಕಡ 20. ಆದರೆ ಆ ಮನೆಯ ನೀರು ಕಾಯಿಸುವ ಕಾಯಿಲ್‌ಗೆ ಸಿಗುವ ಶಕ್ತಿ ಶೇಕಡ 64ಕ್ಕೆ ಇಳಿಯುತ್ತದೆ. ಇದಕ್ಕೇ ಎಂಜಿನಿಯರು ಮನೆಯ ಲೋಡ್ ಎಷ್ಟೆಂದು ಕೇಳುವುದು. ಶುಲ್ಕ ಉಳಿಸಲು 1 ಕಿಲೋವ್ಯಾಟ್ ಎಂದು ಬರೆಸಿ ಆಮೇಲೆ ಗೀಸರು ಕೂರಿಸುವವರು ನೆರೆಯವರ ದೀಪವನ್ನೇ ಮಂಕು ಮಾಡುತ್ತಾರೆ.

ಆದರೆ ಈ ನಿಜವಾದ ಕಾರಣವೇ ಸೋಮಾರಿತನಕ್ಕೆ ಮರೆಯೂ ಆಗುತ್ತದೆ. ಲೈನು ವಿಸ್ತರಿಸಬೇಕಾದರೆ ಅಥವಾ ಹೊಸ ಉಪಕೇಂದ್ರ ಬೇಕಾದರೆ ಒಂದು ತಿಂಗಳ ಗಡುವು ಅನ್ವಯಿಸದು. ಕೆಲಸ ಮುಗಿದ ಕೂಡಲೇ ಅಥವಾ ಆಯೋಗ ಹೇಳಿದ ಅವಧಿಯಲ್ಲಿ ಕೊಟ್ಟರೆ ಸಾಕು. ಹೀಗಾಗಿ 'ಲೈನಿಲ್ಲ, ಹೋಗಿ ಬನ್ನಿ' ಎಂಬ ಬಾಯಿಮಾತಿನ ಉತ್ತರ ಅಗ್ಗವಾಗಿ ಸಿಗುತ್ತದೆ. ಅದನ್ನು ಬರೆದುಕೊಡಿ ಎಂದು ಕೇಳಬೇಕು. ಗಡುವು ಎಣಿಸುವುದು ಪೂರ್ಣ ಅರ್ಜಿ ತಲುಪಿದ ದಿನದಿಂದ. ಎಷ್ಟೋ ಪೋಷಕರು ಕಾಗದಗಳನ್ನೆಲ್ಲ ವೈರಿಂಗ್ ಕಂತ್ರಾಟುದಾರನ ಕೈಗಿತ್ತು ಮರೆಯುತ್ತಾರೆ. ಅರ್ಜಿ ಆಫೀಸು ತಲುಪಿತೋ, ಅವನ ಚೀಲದಲ್ಲೇ ಉಳಿಯಿತೋ ತಿಳಿಯದು. ತಾರೀಖು ಹಾಕಿದ ಸ್ವೀಕೃತಿ ಕೈಯಲ್ಲಿಲ್ಲದಿದ್ದರೆ ದಿನ ಎಣಿಸುವುದಾದರೂ ಎಲ್ಲಿಂದ?

ಬಾಡಿಗೆದಾರರಿಗೂ ಒಂದು ಮಾತು. ಮಾಲೀಕನ ಒಪ್ಪಿಗೆ ಪತ್ರ ಇಲ್ಲವೆಂಬ ಕಾರಣಕ್ಕೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರ ಅಲ್ಲಿ ವಾಸವಿದ್ದಾನೆಯೇ ಎಂದಷ್ಟೇ ನೋಡಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಹೊಸ ಕಟ್ಟಡಗಳ ಮಾತು ಬೇರೆ. ಸ್ವಾಧೀನ ಪತ್ರ ಹಾಜರುಪಡಿಸಿದ ಮೇಲಷ್ಟೇ ಸಂಪರ್ಕ ಎಂದು ಅದೇ ಕೋರ್ಟು 2024ರ ಡಿಸೆಂಬರಿನಲ್ಲಿ ಆದೇಶಿಸಿತು. 2025ರಲ್ಲಿ ಕರ್ನಾಟಕದಲ್ಲಿ ಎಷ್ಟೋ ಮನೆಗಳ ಅರ್ಜಿಗಳು ನಿಂತದ್ದು ಇದರಿಂದಲೇ. ಮನೆ ಕಟ್ಟುವವರು ನಕ್ಷೆಯ ಹಂತದಲ್ಲೇ ಈ ಪತ್ರದ ಯೋಚನೆ ಮಾಡುವುದು ಮೇಲು.

ಎಲ್ಲ ಸರಿಯಿದ್ದೂ ಗಡುವು ದಾಟಿದರೆ ಪ್ರತಿ ಕಂಪನಿಯಲ್ಲೂ ಇರಬೇಕಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಕೊಡಬಹುದು. ಅಲ್ಲಿ ತೃಪ್ತಿಯಾಗದಿದ್ದರೆ ಆಯೋಗ ನೇಮಿಸಿದ ಓಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ವಕೀಲರೇ ಬೇಕೆಂದಿಲ್ಲ. ಅರ್ಜಿಯ ಪ್ರತಿ ಮತ್ತು ಆ ಸ್ವೀಕೃತಿ ಚೀಟಿ ಜೊತೆಗಿರಲಿ.