ಪುಸ್ತಕದ ಬೆಲೆ ಬೇರೆ, ಪೇಟೆಯ ಬೆಲೆ ಬೇರೆ

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ತಡಮಾಡದೆ ಉತ್ತರ ಕೊಡಬೇಕು ಅನ್ನಿಸಿತು. ಬರೆದವರು ಒಬ್ಬ ಗೃಹಿಣಿ. ಅವರ ತಂದೆ ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಆಮೇಲೆ ಅದನ್ನೇ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರು. ತಂದೆ ಹೋದ ಮೇಲೆ ಶೇರುಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಇವರ ಹೆಸರಿಗೆ ಬಂದಿದೆ. ಈಗ ಅಣ್ಣಂದಿರು ಅದನ್ನು ತಾವೇ ಕೊಳ್ಳುತ್ತೇವೆ ಅಂತಿದ್ದಾರೆ. “ಬ್ಯಾಲೆನ್ಸ್ ಶೀಟ್ ನೋಡಮ್ಮ, ಸಾಲ ಕಳೆದರೆ ಉಳಿಯೋದು ಇಷ್ಟೇ. ಆಡಿಟರೇ ಸಹಿ ಹಾಕಿದಾರೆ. ನಿನ್ನ ಪಾಲು ಕೊಟ್ಬಿಡ್ತೀವಿ” ಅಂದರಂತೆ. ಸಹಿ ಮಾಡಲೇ ಅಂತ ಇವರ ಪ್ರಶ್ನೆ.

ಈಗಲೇ ಬೇಡ ಅಂತ ನನ್ನ ಉತ್ತರ. ಅಣ್ಣಂದಿರು ಮೋಸ ಮಾಡ್ತಿದಾರೆ ಅಂತಲ್ಲ, ಆಡಿಟರು ತಪ್ಪು ಮಾಡಿದಾರೆ ಅಂತಲೂ ಅಲ್ಲ. ಬ್ಯಾಲೆನ್ಸ್ ಶೀಟ್ ನಿಯಮದ ಪ್ರಕಾರ ಪೂರ್ತಿ ಸರಿಯಾಗಿದ್ದೂ, ಇವತ್ತು ಅಂಗಡಿ ಎಷ್ಟು ಬಾಳುತ್ತೆ ಅನ್ನೋದನ್ನು ಹೇಳದೇ ಇರಬಹುದು. ಒಂದೊಂದು ಆಸ್ತಿಗೂ ಬೆಲೆ ಬರೆಯುವ ರೀತಿ ಒಂದೊಂದು. ಅದನ್ನೇ ‘ಲೆಕ್ಕದ ನೀತಿ’ ಅನ್ನುತ್ತಾರೆ. ಬ್ಯಾಲೆನ್ಸ್ ಶೀಟಿನ ಹಿಂದೆ ಪುಟಗಟ್ಟಲೆ ‘ನೋಟ್ಸ್’ ಇರುತ್ತಲ್ಲ, ಅಲ್ಲಿ ಇದನ್ನು ಬರೆದಿರಲೇಬೇಕು.

ಮೊದಲು ಜಾಗ. ಅಂಗಡಿಯ ನಿವೇಶನವನ್ನು ಕಂಪನಿ 1990ರಲ್ಲಿ 3 ಲಕ್ಷಕ್ಕೆ ಕೊಂಡಿತ್ತು ಅಂತಿಟ್ಟುಕೊಳ್ಳಿ. ಕೊಂಡ ಬೆಲೆಯಲ್ಲೇ ಇಡುವ ನೀತಿ ಇದ್ದರೆ ಇವತ್ತೂ ಪುಸ್ತಕದಲ್ಲಿ 3 ಲಕ್ಷವೇ. ಬೀದಿಯಲ್ಲಿ ಅದರ ಬೆಲೆ ಕೋಟಿ ದಾಟಿದ್ದರೂ ಅಲ್ಲಿ ಕಾಣುವುದಿಲ್ಲ. ಮರುಮೌಲ್ಯ ಮಾಡಿ ಬರೆಯುವುದಕ್ಕೂ ನಿಯಮದಲ್ಲಿ ಅವಕಾಶ ಇದೆ, ಆದರೆ ಕಡ್ಡಾಯವಿಲ್ಲ. ಕಟ್ಟಡಕ್ಕೆ, ಪೀಠೋಪಕರಣಕ್ಕೆ ವರ್ಷ ವರ್ಷ ಸವಕಳಿ ಕಳೆಯುತ್ತಾರೆ. 2013ರ ಕಂಪನಿ ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲಿ ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ, ಪೀಠೋಪಕರಣಕ್ಕೆ 10 ವರ್ಷ, ಕಂಪ್ಯೂಟರಿಗೆ 3 ವರ್ಷ ಆಯಸ್ಸು ಕೊಟ್ಟಿದ್ದಾರೆ. ತೇಗದ ಕಪಾಟು ಗಟ್ಟಿಯಾಗಿ ನಿಂತಿದ್ದರೂ ಹತ್ತು ವರ್ಷ ಕಳೆದರೆ ಪುಸ್ತಕದಲ್ಲಿ ಅದಕ್ಕೆ ಉಳಿಯುವುದು ಪುಡಿಕಾಸು.

ಎರಡನೆಯದು ಸ್ಟಾಕು. ಇಲ್ಲಿ ನಿಯಮ ಸ್ಪಷ್ಟ: ಬಿದ್ದ ಖರ್ಚು ಎಷ್ಟು, ಮಾರುವ ಖರ್ಚು ಕಳೆದು ಕೈಗೆ ಬರುವುದು ಎಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. 3,000ಕ್ಕೆ ತಂದ ಸೀರೆ 4,500ಕ್ಕೆ ಹೋಗುವಂತಿದ್ದರೂ ಬರೆಯುವುದು 3,000. ಅದೇ ಸೀರೆಯ ಡಿಸೈನು ಹಳೆಯದಾಗಿ 1,800 ಮಾತ್ರ ಬರುತ್ತೆ ಅಂದರೆ 1,800 ಅಂತಲೇ ಬರೆಯಬೇಕು. ಆದರೆ ಎಷ್ಟೋ ಅಂಗಡಿಗಳಲ್ಲಿ ಅಟ್ಟದ ಮೇಲಿನ ಹಳೇ ಮಾಲು ಕೊಂಡ ಬೆಲೆಯಲ್ಲೇ ಕೂತಿರುತ್ತೆ. ಹಾಗಿದ್ದರೆ ಪುಸ್ತಕದ ಬೆಲೆ ನಿಜಕ್ಕಿಂತ ಜಾಸ್ತಿ. ಅಂದರೆ ತಪ್ಪು ಯಾವಾಗಲೂ ತಂಗಿಗೆ ನಷ್ಟವಾಗುವ ಕಡೆಗೇ ಇರುತ್ತೆ ಅಂತೇನಿಲ್ಲ, ಅಣ್ಣಂದಿರಿಗೂ ನಷ್ಟ ಆಗಬಹುದು.

ಮೂರನೆಯದು ಬಾಡಿಗೆ ಜಾಗ. ಶೇರು ಪೇಟೆಯಲ್ಲಿರುವ ದೊಡ್ಡ ಕಂಪನಿಗಳು 2019ರ ಏಪ್ರಿಲ್ 1ರಿಂದ, ದೀರ್ಘಾವಧಿ ಬಾಡಿಗೆ ಕರಾರಿನಿಂದ ಸಿಗುವ ಬಳಕೆಯ ಹಕ್ಕನ್ನು ಆಸ್ತಿ ಅಂತಲೂ ಮುಂದೆ ಕಟ್ಟಬೇಕಾದ ಬಾಡಿಗೆಯನ್ನು ಹೊಣೆ ಅಂತಲೂ ತೋರಿಸಬೇಕು. ಡಿಮಾರ್ಟ್‌ನಂತೆ ಹೆಚ್ಚಾಗಿ ಸ್ವಂತ ಜಾಗದಲ್ಲಿ ಅಂಗಡಿ ನಡೆಸುವ ಕಂಪನಿಯನ್ನೂ, ಮಾಲ್‌ಗಳಲ್ಲಿ ಬಾಡಿಗೆಗಿರುವ ಕಂಪನಿಯನ್ನೂ ಹೋಲಿಸುವವರು ಇದನ್ನು ನೆನಪಿಡಿ. ಮನೆಮಂದಿಯ ಸಣ್ಣ ಕಂಪನಿಗಳಲ್ಲಿ ಸಾಮಾನ್ಯವಾಗಿ ಬಾಡಿಗೆ ಬರೀ ಖರ್ಚು. ಒಳ್ಳೆ ಜಾಗದಲ್ಲಿ ಕಡಿಮೆ ಬಾಡಿಗೆಯ ಕರಾರು ಇದ್ದರೂ ಆ ಅನುಕೂಲಕ್ಕೆ ಪುಸ್ತಕದಲ್ಲಿ ಬೆಲೆ ಇಲ್ಲ.

ನಾಲ್ಕನೆಯದು ಹೆಸರು. ಅಪ್ಪ ವರ್ಷಗಟ್ಟಲೆ ಕೂತು ಸಂಪಾದಿಸಿದ ಗಿರಾಕಿಗಳ ನಂಬಿಕೆ, ಅಂದರೆ ಗುಡ್‌ವಿಲ್. ದುಡ್ಡು ಕೊಟ್ಟು ಕೊಂಡದ್ದಲ್ಲದ ಗುಡ್‌ವಿಲ್ಲನ್ನು ಆಸ್ತಿ ಅಂತ ಬರೆಯುವ ಹಾಗಿಲ್ಲ. ಅದಕ್ಕೇ ಅದು ಸೊನ್ನೆ.

ಇನ್ನೊಂದು ಮುಖ್ಯ ಮಾತು. ಪಟ್ಟಿಯಲ್ಲಿಲ್ಲದ ಶೇರು ಮಾರುವಾಗ ಆದಾಯ ತೆರಿಗೆಯವರೂ ಜಾಗಕ್ಕೆ ಪುಸ್ತಕದ ಬೆಲೆ ಒಪ್ಪುವುದಿಲ್ಲ. ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಬೆಲೆಯನ್ನೇ ಹಿಡಿದು ಶೇರಿನ ಬೆಲೆ ಕಟ್ಟುತ್ತಾರೆ. ಅದಕ್ಕಿಂತ ಕಡಿಮೆಗೆ ಮಾರಿದರೆ, ಕೈಗೆ ಬಾರದ ದುಡ್ಡಿನ ಮೇಲೂ ಮಾರಿದವರೇ ತೆರಿಗೆ ಕಟ್ಟಬೇಕಾಗಿ ಬರಬಹುದು. ಕಡಿಮೆ ಬೆಲೆಗೆ ಬಿಟ್ಟುಕೊಟ್ಟದ್ದಲ್ಲದೆ ಮೇಲೆ ತೆರಿಗೆ ಬೇರೆ!

ಹಾಗಾದರೆ ಏನು ಮಾಡಬೇಕು? ಮೂರು ವರ್ಷದ ಬ್ಯಾಲೆನ್ಸ್ ಶೀಟನ್ನು ನೋಟ್ಸ್ ಸಮೇತ ಕೇಳಿ. ವರ್ಷ ವರ್ಷ ಅದರ ಪ್ರತಿ ಪಡೆಯುವುದು ಶೇರುದಾರರ ಹಕ್ಕು, ದಾಕ್ಷಿಣ್ಯ ಬೇಡ. ನಿವೇಶನದ ಪತ್ರ ಕಂಪನಿ ಹೆಸರಲ್ಲಿದೆಯೋ ತಂದೆ ಹೆಸರಲ್ಲಿದೆಯೋ ನೋಡಿ. ತಂದೆ ಹೆಸರಲ್ಲಿದ್ದರೆ ಅದು ಶೇರಿನ ಲೆಕ್ಕಕ್ಕೆ ಬರುವುದಿಲ್ಲ, ಅದರ ಪಾಲಿನ ವಿಚಾರ ಬೇರೆ, ವಕೀಲರನ್ನು ಕೇಳಿ. ಶೇರು ಕೈ ಬದಲಾಗುವಾಗ ಬೆಲೆ ಹೇಗೆ ಕಟ್ಟಬೇಕು ಅಂತ ಕಂಪನಿಯ ನಿಯಮಾವಳಿಯಲ್ಲೇ ಬರೆದಿರಬಹುದು, ಅದನ್ನೂ ಓದಿಸಿ. ಕೊನೆಗೆ ನೋಂದಾಯಿತ ಮೌಲ್ಯಮಾಪಕರಿಂದ ಜಾಗಕ್ಕೂ ಶೇರಿಗೂ ಬೆಲೆ ಹಾಕಿಸಿ. ಆ ಖರ್ಚನ್ನು ಎಲ್ಲರೂ ಹಂಚಿಕೊಂಡರೆ ಒಳ್ಳೇದು.

ತವರಿನ ಸಂಬಂಧ ಕೆಡುತ್ತೆ ಅನ್ನೋ ಭಯ ನಿಮ್ಮ ಪತ್ರದ ತುಂಬಾ ಇದೆ. ಜಗಳ ಮಾಡಿ ಅಂತ ನಾನು ಹೇಳ್ತಿಲ್ಲ. “ಅಣ್ಣ, ಕೊಡಲ್ಲ ಅಂತಲ್ಲ. ಜಾಗಕ್ಕೂ ಸ್ಟಾಕಿಗೂ ಇವತ್ತಿನ ಬೆಲೆ ಒಂದ್ಸಲ ಹಾಕಿಸೋಣ, ಆಮೇಲೆ ಮಾತಾಡೋಣ” ಅನ್ನಿ. ಎಲ್ಲಾ ಲೆಕ್ಕ ಕಣ್ಣಮುಂದೆ ಬಂದ ಮೇಲೆ ಪ್ರೀತಿಯಿಂದ ಸ್ವಲ್ಪ ಬಿಟ್ಟುಕೊಡಬೇಕು ಅನ್ನಿಸಿದರೆ ಧಾರಾಳವಾಗಿ ಬಿಟ್ಟುಕೊಡಿ. ಎಷ್ಟು ಬಿಟ್ಟುಕೊಡ್ತಿದೀನಿ ಅನ್ನೋದು ಆಗ ನಿಮಗೂ ಗೊತ್ತಿರುತ್ತೆ, ಅವರಿಗೂ ಗೊತ್ತಿರುತ್ತೆ.